ಶ್ರುತಪಂಚಮಿಯ ನೋಂಪಿ ಮತ್ತು ಸಿದ್ಧಾಂತಗ್ರಂಥಗಳ ಓಲೆಪ್ರತಿಗಳು

ಜ್ಯೇಷ್ಠ ಶುಕ್ಲ ಪಂಚಮಿಯಂದು ಬರುವ ಶ್ರುತಪಂಚಮಿಯು ದಿಗಂಬರ ಜೈನರ ಪರ್ವಗಳಲ್ಲಿ ಒಂದು ವಿಶಿಷ್ಟ ಸ್ಥಾನವನ್ನು ಪಡೆದಿದೆ. ತೀರ್ಥಂಕರರ ಗರ್ಭಜನ್ಮಾದಿ ಕಲ್ಯಾಣಗಳನ್ನು ಸ್ಮರಿಸುವ ದಿನಗಳು ಅನೇಕವಾಗಿವೆ. ಅಷ್ಟಾಹ್ನಿಕ, ದಶಲಕ್ಷಣಗಳು ವ್ರತ, ಪೂಜೆ, ಸ್ವಾಧ್ಯಾಯಗಳಿಗೆ ಮೀಸಲಾದ ಪರ್ವಗಳು. ಆದರೆ ಒಂದು ಗ್ರಂಥವು ಲಿಪಿರೂಪಕ್ಕೆ ಬಂದು ಪೂರ್ಣವಾದುದನ್ನೇ ನಿಮಿತ್ತವಾಗಿಸಿಕೊಂಡ ಪರ್ವ ಇದೊಂದೇ ಎನ್ನಬಹುದು. ಆ ದಿನ ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಪೀಠದ ಮೇಲಿರಿಸಿ, ಹೊಸ ವಸ್ತ್ರವನ್ನು ಹೊದಿಸಿ, ಶ್ರುತಭಕ್ತಿಯನ್ನು ಪಠಿಸಿ ಅಷ್ಟವಿಧಾರ್ಚನೆಯನ್ನು ಮಾಡುತ್ತಾರೆ. ದ್ವಾದಶಾಂಗಗಳನ್ನು ಕೊರೆದ ಶ್ರುತಸ್ಕಂಧವಿರುವಲ್ಲಿ ಅದಕ್ಕೂ ಪೂಜೆ ಸಲ್ಲುತ್ತದೆ. ಕೆಲವೆಡೆಗಳಲ್ಲಿ ಗ್ರಂಥಗಳನ್ನು ಪಲ್ಲಕ್ಕಿಯಲ್ಲಿರಿಸಿ ಮೆರವಣಿಗೆ ಮಾಡುವುದೂ ಉಂಟು.

ಹೀಗೆ ಇಂದಿನ ಆಚರಣೆಯಲ್ಲಿ ಅರ್ಚನೆಯೇ ಪ್ರಧಾನವಾಗಿದೆ. ಹನ್ನೆರಡನೆಯ ಶತಮಾನದ ಕನ್ನಡ ಪ್ರಶಸ್ತಿಗಳನ್ನು ಪರಿಶೀಲಿಸಿದಾಗ ಕಂಡುಬರುವ ಚಿತ್ರವು ಇದಕ್ಕಿಂತ ಬೇರೆಯಾಗಿದೆ. ಅಲ್ಲಿ ಅರ್ಚನೆಯು ನಡುವಣ ಒಂದು ವಿಧಿ ಮಾತ್ರ. ನೋಂಪಿಯು ಮುಗಿಯುವುದು ಗ್ರಂಥವೊಂದನ್ನು ಬರೆಯಿಸಿ, ಅದನ್ನು ಓದಬಲ್ಲವರ ಕೈಗೆ ಕೊಟ್ಟಾಗ. ಮೂಡುಬಿದಿರೆಯ ಸಿದ್ಧಾಂತಗ್ರಂಥಗಳು ಇಂದಿಗೂ ಉಳಿದಿರುವುದಕ್ಕೆ ಮೂಲಕಾರಣವು ಈ ಆಚರಣೆಯೇ ಎಂಬ ಸಂಗತಿಯು ಸಾಕಷ್ಟು ಪ್ರಚಾರಕ್ಕೆ ಬಂದಿಲ್ಲ.

ಪರ್ವದ ಮೂಲಕಥೆಯು ಸುಪರಿಚಿತವಾದುದು. ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮ ತರುವಾಯ ಶ್ರುತವು ವಿಚ್ಛಿನ್ನವಾದೀತೆಂಬ ಭಯದಿಂದ ದಕ್ಷಿಣಾಪಥದ ಆಚಾರ್ಯರಿಗೆ ಲೇಖವನ್ನು ಕಳುಹಿಸಿದರು. ಅಲ್ಲಿಂದ ಬಂದ ಇಬ್ಬರು ಮುನಿಗಳನ್ನು ಮೊದಲು ಪರೀಕ್ಷಿಸಿದ ರೀತಿಯು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ವಿಶೇಷವಾಗಿ ರುಚಿಸುವಂಥದು. ಒಬ್ಬರಿಗೆ ಒಂದಕ್ಷರ ಹೆಚ್ಚಾದ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಾದ ಮಂತ್ರವನ್ನು ಕೊಟ್ಟು ಸಾಧಿಸಹೇಳಿದರು. ಸಾಧನೆಯಲ್ಲಿ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಹೊರಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳ ಸ್ವರೂಪ ಹೀಗಿರಲಾರದೆಂದು ಅರಿತ ಮುನಿಗಳು ಹೆಚ್ಚಿದ ಅಕ್ಷರವನ್ನು ತೆಗೆದು, ಲೋಪವಾದುದನ್ನು ಸೇರಿಸಿ ಮಂತ್ರವನ್ನು ಶುದ್ಧಪಡಿಸಿದರು. ಪಾಠಶುದ್ಧಿಯನ್ನು ಬಲ್ಲವನೇ ಆಗಮಕ್ಕೆ ಅಧಿಕಾರಿ ಎಂಬುದು ಈ ಕಥೆಯ ತಾತ್ಪರ್ಯ. ಆ ಇಬ್ಬರೇ ಪುಷ್ಪದಂತ, ಭೂತಬಲಿಗಳು. ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ಕರ್ನಾಟಕದ ಬನವಾಸಿ ಪ್ರಾಂತಕ್ಕೆ ಬಂದು, ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಜಿನಪಾಲಿತನ ಮೂಲಕ ದ್ರಾವಿಡ ದೇಶದಲ್ಲಿದ್ದ ಭೂತಬಲಿಗಳ ಬಳಿಗೆ ಕಳುಹಿಸಿದರು. ಉಳಿದ ಷಟ್ಖಂಡಾಗಮವು ಭೂತಬಲಿಗಳ ರಚನೆ.

ಇಷ್ಟು ವೃತ್ತಾಂತವು ವೀರಸೇನಾಚಾರ್ಯರ ಧವಲಾಟೀಕೆಯ ಪೀಠಿಕೆಯಿಂದಲೇ ತಿಳಿದುಬರುತ್ತದೆ. ಗ್ರಂಥವನ್ನು ಪುಸ್ತಕಾರೂಢವಾಗಿಸಿ, ಚಾತುರ್ವರ್ಣ್ಯ ಸಂಘದೊಡನೆ ಜ್ಯೇಷ್ಠ ಶುಕ್ಲ ಪಂಚಮಿಯಂದು ಪೂಜಿಸಿದರೆಂಬ, ಅಂದಿನಿಂದ ಆ ತಿಥಿಗೆ ಶ್ರುತಪಂಚಮಿ ಎಂಬ ಹೆಸರಾಯಿತೆಂಬ ವಿವರಕ್ಕೆ ಆಧಾರವಾಗಿರುವುದು ಇಂದ್ರನಂದಿಯ ಶ್ರುತಾವತಾರ. ಧವಲೆಯ ರಚನಾಕಾಲವನ್ನು ಕುರಿತೂ ಒಂದು ಮಾತನ್ನು ಇಲ್ಲಿ ಹೇಳಬೇಕು. ಅದು ಕಾರ್ತಿಕ ಶುಕ್ಲ ತ್ರಯೋದಶಿಯಂದು ಮುಗಿಯಿತೆಂಬುದು ಅದರ ಅಂತ್ಯಪ್ರಶಸ್ತಿಯಿಂದ ತಿಳಿಯುತ್ತದೆ. ಆದರೆ ವರ್ಷವನ್ನು ಹೇಳುವ ಶಬ್ದಗಳು ಲಿಪಿಕಾರರ ಕೈಯಲ್ಲಿ ಕೆಟ್ಟಿರುವುದರಿಂದ, ಕ್ರಿ.ಶ. 780 ಎಂದು ಕೆಲವರೂ 816 ಎಂದು ಕೆಲವರೂ ವಾದಿಸುತ್ತಾರೆ. ಜಯಧವಲೆಯ ವಿಷಯದಲ್ಲಿ ಈ ತೊಡಕಿಲ್ಲ. ವೀರಸೇನರು 20,000 ಶ್ಲೋಕಪ್ರಮಾಣದಷ್ಟು ಬರೆದು ಉಳಿಸಿದ್ದನ್ನು ಶಿಷ್ಯ ಜಿನಸೇನರು 40,000 ಶ್ಲೋಕಪ್ರಮಾಣದಿಂದ ಪೂರೈಸಿದರು. ಅದು ಮುಗಿದುದು ಶಕ 759ರ ಫಾಲ್ಗುಣ ಶುಕ್ಲ ದಶಮಿಯ ಪೂರ್ವಾಹ್ನದಲ್ಲಿ, ನಂದೀಶ್ವರ ಮಹೋತ್ಸವವು ನಡೆಯುತ್ತಿದ್ದಾಗ. ಅಮೋಘವರ್ಷನ ಕಾಲದಲ್ಲಿ ಗ್ರಂಥಸಮಾಪ್ತಿಗೂ ಪರ್ವದಿನಕ್ಕೂ ಇದ್ದ ನಂಟು ಇದರಿಂದ ವ್ಯಕ್ತವಾಗುತ್ತದೆ.

ಇನ್ನು ಓಲೆಪ್ರತಿಗಳ ವಿಷಯ. ಮೂಡುಬಿದಿರೆಯ ಗುರುಬಸದಿಯಲ್ಲಿ, ಎಂದರೆ ಜನರು ಸಿದ್ಧಾಂತಬಸದಿ ಎಂದು ಕರೆಯುವಲ್ಲಿ, ಶತಮಾನಗಳ ಕಾಲ ಉಳಿದುಬಂದ ಧವಲೆಯ ಪ್ರತಿಗೆ ಹಳಗನ್ನಡದಲ್ಲಿ ಒಂದು ದಾನಪ್ರಶಸ್ತಿ ಇದೆ. ಮಂಡಲಿನಾಡಿನ ಭುಜಬಳಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮಿಯನ್ನು ನೋಂತು, ಅದರ ಉಜ್ಜವಣೆಯಲ್ಲಿ ಶ್ರುತಪೂಜೆಯನ್ನು ಮಾಡಿ, ಬನ್ನಿಯಕೆರೆಯ ಚೈತ್ಯಾಲಯದ ಆಚಾರ್ಯರೂ ತನ್ನ ಗುರುಗಳೂ ಆದ ಶುಭಚಂದ್ರ ಸಿದ್ಧಾಂತದೇವರಿಗೆ ಈ ಪುಸ್ತಕವನ್ನು ಬರೆಯಿಸಿ ಕೊಟ್ಟಳೆಂಬುದು ಅದರ ಸಾರಾಂಶ. ಮಂಡಲಿಯು ಇಂದಿನ ಶಿವಮೊಗ್ಗದ ಸೀಮೆ. ಪ್ರಶಸ್ತಿಯ ಕ್ರಿಯಾಪದಗಳ ಅನುಕ್ರಮವು ಗಮನಾರ್ಹವಾಗಿದೆ: ನೋಂತದ್ದು, ಪೂಜೆ ಮಾಡಿದ್ದು, ಬರೆಯಿಸಿದ್ದು, ಕೊಟ್ಟದ್ದು. ಬರೆಯಿಸುವುದು ಎಂಬುದು 72,000 ಶ್ಲೋಕಪ್ರಮಾಣದ ಧವಲೆಯ ವಿಷಯದಲ್ಲಿ ಅಲ್ಪಕಾರ್ಯವಲ್ಲ. ಓಲೆಯನ್ನು ಹದಗೊಳಿಸಬೇಕು, ಪ್ರಾಕೃತ ಸಂಸ್ಕೃತಗಳೆರಡನ್ನೂ ಬಲ್ಲ ಲಿಪಿಕಾರನನ್ನು ಬಹುಕಾಲ ಪೋಷಿಸಬೇಕು, ಬರೆದುದನ್ನು ಮೂಲದೊಡನೆ ಹೋಲಿಸಬೇಕು. ಪರ್ವದ ದಿನ ಕೊಡಬೇಕಾದ ಪುಸ್ತಕಕ್ಕೆ ಬಹಳ ಮೊದಲೇ ಸಿದ್ಧತೆ ನಡೆದಿರಲೇಬೇಕು.

ಶುಭಚಂದ್ರರು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಗುರುಗಳು. ಅವರು ಶಕ 1045ರಲ್ಲಿ, ಎಂದರೆ 1123ರಲ್ಲಿ, ಸಮಾಧಿಮರಣವನ್ನು ಹೊಂದಿದರೆಂದು ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ. ಆದ್ದರಿಂದ ಈ ದಾನವು ಅದಕ್ಕಿಂತ ಮುಂಚಿನದು. ಬೆಳಗೊಳದಲ್ಲೇ 1120ರಲ್ಲಿ ತೀರಿಕೊಂಡ ದೇಮತಿಯ ಶಾಸನವೂ ಇದೆ. ಆಕೆ ಚಾಮುಂಡನೆಂಬ ವರ್ತಕನ ಪತ್ನಿ, ಗಂಗರಾಜನ ಮಡದಿ ಲಕ್ಕಲೆಯ ಸೋದರಿ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳಿಂದ ಪ್ರಸಿದ್ಧಳಾದವಳು. ಈ ಇಬ್ಬರೂ ಒಬ್ಬಳೇ ಎಂದು ಹೀರಾಲಾಲ ಜೈನರು ಊಹಿಸಿದರು. ಕಾಲವೂ ಗುರುವೂ ಹೊಂದುತ್ತವೆ, ನಿಜ. ಆದರೆ ಗಂಗರಾಜಪುತ್ರನ ಅತ್ತೆ, ವರ್ತಕನ ಪತ್ನಿ ಎಂಬ ಎರಡು ಪರಿಚಯಗಳನ್ನು ಒಬ್ಬಳಲ್ಲೇ ಕೂಡಿಸಲು ಹೆಸರಿನ ಸಾಮ್ಯವೊಂದೇ ಸಾಲದು. ಇನ್ನೊಂದು ಶಾಸನಾಧಾರ ಬೇಕು.

ಮಹಾಬಂಧದ ಪ್ರತಿಯ ಹಿಂದೆಯೂ ಇಂಥದೇ ವೃತ್ತಾಂತವಿದೆ. ಸೇನನೆಂಬವನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮಿಯ ನೋಂಪಿಯನ್ನು ಉದ್ಯಾಪಿಸಿ, ಸಿದ್ಧಾಂತವನ್ನು ಬರೆಯಿಸಿ ಮಾಘಣಂದಿ ಮುನಿಗಳಿಗೆ ಅರ್ಪಿಸಿದಳು. ಇಲ್ಲಿ ಹೇಳಿರುವುದು ಶ್ರೀಪಂಚಮಿ, ಶ್ರುತಪಂಚಮಿಯಲ್ಲ. ನಾಗಕುಮಾರನ ಕಥೆಯಲ್ಲಿ ಬರುವ ಪಂಚಮಿಯ ಉಪವಾಸಕ್ಕೆ ಶ್ರೀಪಂಚಮಿ ಎಂದೇ ಹೆಸರು. ಅಪಭ್ರಂಶದಲ್ಲಿ ಪುಷ್ಪದಂತ ಕವಿಯೂ, ಸಂಸ್ಕೃತದಲ್ಲಿ ಮಲ್ಲಿಷೇಣನೂ, ಕನ್ನಡದಲ್ಲಿ ಬಾಹುಬಲಿಯೂ ಆ ಕಥೆಯನ್ನು ಕಾವ್ಯವಾಗಿಸಿದ್ದಾರೆ. ಈ ಎರಡು ನೋಂಪಿಗಳನ್ನು ಒಂದೇ ಎಂದು ಹೇಳಿಬಿಡುವುದು ಅವಸರದ ಮಾತಾದೀತು. ಆದರೆ ಎರಡರ ಉಜ್ಜವಣೆಯಲ್ಲೂ ಶಾಸ್ತ್ರದಾನವು ಮುಖ್ಯವಾಗಿತ್ತೆಂಬುದಕ್ಕೆ ಈ ಎರಡು ಪ್ರಶಸ್ತಿಗಳೇ ಸಾಕ್ಷಿ. ಎರಡರಲ್ಲಿಯೂ ದಾನಿಗಳು ಸ್ತ್ರೀಯರೆಂಬುದು ಆಕಸ್ಮಿಕವಲ್ಲ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಪರಂಪರೆಯಲ್ಲೇ ಇವರೂ ನಿಲ್ಲುತ್ತಾರೆ.

ಪ್ರತಿಗಳ ಸ್ವರೂಪವೂ ದಾನದ ಘನತೆಗೆ ತಕ್ಕುದಾಗಿದೆ. ಕಂಠದಿಂದ ಕೊರೆದು ಮಸಿ ತುಂಬುವ ಸಾಮಾನ್ಯ ಪದ್ಧತಿಯನ್ನು ಬಿಟ್ಟು, ಅಗಲವಾದ ಶ್ರೀತಾಳದ ಗರಿಗಳ ಮೇಲೆ ಹಳಗನ್ನಡ ಲಿಪಿಯಲ್ಲಿ ಮಸಿಯಿಂದಲೇ ಬರೆಯಲಾಗಿದೆ. ಕೆಲವು ಗರಿಗಳಲ್ಲಿ ಜಿನರ, ಯಕ್ಷಯಕ್ಷಿಯರ, ಭಕ್ತರ ವರ್ಣಚಿತ್ರಗಳಿವೆ. ದಕ್ಷಿಣಭಾರತದ ಸಚಿತ್ರ ಓಲೆಗ್ರಂಥಗಳಲ್ಲಿ ಇವು ಅತಿ ಪ್ರಾಚೀನವಾದವುಗಳಲ್ಲಿ ಸೇರುತ್ತವೆ.

ಓದುವವರಿಗೆಂದು ಕೊಟ್ಟ ಈ ಗ್ರಂಥಗಳು ಕ್ರಮೇಣ ಓದಿಗೆ ದೂರವಾದುವು. ಇದಕ್ಕೆ ಕಾರಣಗಳು ಒಂದೆರಡಲ್ಲ. ಚಾಮುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರವು ಅದೇ ವಿಷಯವನ್ನು ಸಂಗ್ರಹವಾಗಿ ನಿರೂಪಿಸಿದ್ದರಿಂದ, ಅಭ್ಯಾಸಿಗಳು ವಿಸ್ತಾರವಾದ ಮೂಲವನ್ನು ಬಿಟ್ಟು ಅದನ್ನೇ ಹಿಡಿದರು. ಸಿದ್ಧಾಂತರಹಸ್ಯದ ಅಧ್ಯಯನಕ್ಕೆ ಗೃಹಸ್ಥರು ಅಧಿಕಾರಿಗಳಲ್ಲವೆಂದು ವಸುನಂದಿಯೇ ಮೊದಲಾದವರ ಶ್ರಾವಕಾಚಾರಗಳು ವಿಧಿಸಿದುವು. ಓದಬಹುದಾದ ಮುನಿಗಳ ಸಂಖ್ಯೆ ಕುಗ್ಗುತ್ತ ಬಂದಾಗ ಈ ವಿಧಿಯ ಪರಿಣಾಮ ಏನಾದೀತೆಂಬುದನ್ನು ಊಹಿಸಬಹುದು. ಕೊನೆಗೆ ಉಳಿದುದು ದರ್ಶನ ಮಾತ್ರ. ದೂರದೇಶಗಳಿಂದ ಬಂದ ಯಾತ್ರಿಕರು ಕಟ್ಟುಗಳಿಗೆ ಕೈಮುಗಿದು, ಕಾಣಿಕೆಯಿಟ್ಟು ಹಿಂದಿರುಗುತ್ತಿದ್ದರು. ಬಸದಿಯ ಪಾಲಕರನ್ನು ಇದಕ್ಕಾಗಿ ದೂಷಿಸುವುದು ಸುಲಭ. ಆದರೆ ಆ ಕಾವಲು ಇಲ್ಲದಿದ್ದರೆ ಇಂದು ಚರ್ಚಿಸುವುದಕ್ಕೆ ಗರಿಗಳೇ ಇರುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಮುಂಬಯಿಯ ಶೇಠ್ ಮಾಣಿಕಚಂದ್, ಸೊಲ್ಲಾಪುರದ ಶೇಠ್ ಹೀರಾಚಂದ್ ನೇಮಚಂದ್ ಮೊದಲಾದವರ ಪ್ರಯತ್ನದಿಂದ 1896ರಲ್ಲಿ ಪ್ರತಿಲೇಖನವು ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಶಾಸ್ತ್ರಿಗಳೂ ಮೊದಲು ಈ ಕಾರ್ಯದಲ್ಲಿ ತೊಡಗಿದರು. ಮೂರು ಸಿದ್ಧಾಂತಗ್ರಂಥಗಳ ಪ್ರತಿಗಳೂ ಪೂರ್ಣವಾಗಲು 1922ರವರೆಗೆ, ಎಂದರೆ 26 ವರ್ಷಗಳು ಹಿಡಿದುವು. ಹೊಸ ಪ್ರತಿಗಳೂ ಅಲ್ಲಿಯೇ ಉಳಿಯತಕ್ಕವು, ಹೊರಗೆ ಹೋಗತಕ್ಕವಲ್ಲ ಎಂಬ ಕಟ್ಟಳೆಯಿತ್ತು. ಆದರೆ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಮನೆಯಲ್ಲಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಆ ಪ್ರತಿಯು ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ಲಿಪ್ಯಂತರಗೊಂಡು, ಅದರ ಪ್ರತಿಗಳು ಆರಾ, ಕಾರಂಜಾ, ಅಮರಾವತಿಗಳಿಗೆ ಹರಡಿದುವು. ಕಟ್ಟಳೆಯನ್ನು ಮೀರಿದ್ದು ಸರಿಯೋ ತಪ್ಪೋ ಎಂಬ ಚರ್ಚೆಯು ಸಮಾಜದಲ್ಲಿ ಬಹುಕಾಲ ನಡೆಯಿತು. ದೇಮಿಯಕ್ಕನ ಪ್ರಶಸ್ತಿಯನ್ನು ಬಲ್ಲವರಿಗೆ ಗಂಡಹೆಂಡಿರು ಸೇರಿ ಮಾಡಿದ ಈ ಬರೆವಣಿಗೆಯನ್ನು ಕೇವಲ ಅಪಚಾರವೆಂದು ತಳ್ಳಿಹಾಕಲು ಮನಸ್ಸು ಬಾರದು.

ಈ ಪ್ರತಿಗಳ ಆಧಾರದಿಂದಲೇ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾಸಹಿತ ಷಟ್ಖಂಡಾಗಮದ ಮೊದಲ ಸಂಪುಟವು 1939ರಲ್ಲಿ ಅಮರಾವತಿಯಿಂದ ಹೊರಬಂದಿತು. ಮುಂದಿನ ಎರಡು ದಶಕಗಳಲ್ಲಿ 16 ಸಂಪುಟಗಳು ಪೂರ್ಣವಾದುವು. ಆ ಮೊದಲ ಸಂಪುಟದಲ್ಲೇ ಒಂದು ಪಾಠಸಮಸ್ಯೆ ತಲೆದೋರಿತು. ಸತ್ಪ್ರರೂಪಣೆಯ 93ನೆಯ ಸೂತ್ರವು ಮನುಷ್ಯಿಣಿಯರಲ್ಲಿ ಪರ್ಯಾಪ್ತಾವಸ್ಥೆಯಲ್ಲಿಯೇ ಇರತಕ್ಕ ಗುಣಸ್ಥಾನಗಳನ್ನು ಹೇಳುತ್ತದೆ. ಸಂಪಾದಕರ ಮುಂದಿದ್ದ ಕಾಗದದ ಪ್ರತಿಗಳಲ್ಲಿ ಆ ಪಟ್ಟಿಯು ಸಂಯತಾಸಂಯತಕ್ಕೆ ನಿಲ್ಲುತ್ತಿತ್ತು. ಅಲ್ಲಿ ‘ಸಂಜದ’ ಎಂಬ ಇನ್ನೊಂದು ಪದವಿರಬೇಕೆಂದು, ಟೀಕೆಯ ವಿಚಾರಸರಣಿಯನ್ನು ಅನುಸರಿಸಿ, ಸಂಪಾದಕರು ಸೂಚಿಸಿದರು. ಸ್ತ್ರೀಯರ ಸಂಯಮಕ್ಕೆ ಸಂಬಂಧಿಸಿದ ಪದವಾದ್ದರಿಂದ ತೀವ್ರವಾದ ವಿವಾದವೆದ್ದಿತು. ಮೂಡುಬಿದಿರೆಯ ಓಲೆಗಳನ್ನು ತೆರೆದು ನೋಡಿದಾಗ ಆ ಪದವು ಅಲ್ಲಿ ಇದ್ದಿತು. ಇದರಿಂದ ದಿಗಂಬರ ಸಿದ್ಧಾಂತಕ್ಕೆ ಹಾನಿಯೊದಗಲಿಲ್ಲ. ಇಲ್ಲಿ ವಿವಕ್ಷಿತವಾದುದು ಭಾವಸ್ತ್ರೀಯೇ ಹೊರತು ದ್ರವ್ಯಸ್ತ್ರೀಯಲ್ಲವೆಂಬ ಸಮಾಧಾನವು ವೀರಸೇನರ ಟೀಕೆಯಲ್ಲೇ ಇದೆ. ಆದರೆ ಟೀಕೆಯ ಆ ಚರ್ಚೆಯು ಏಕೆ ಹುಟ್ಟಿತೆಂಬುದು ಸೂತ್ರದಲ್ಲಿ ಆ ಪದವಿಲ್ಲದೆ ಅರ್ಥವಾಗುವುದಿಲ್ಲ. ಒಂದಕ್ಷರದ ಹೆಚ್ಚುಕಡಿಮೆಯಿಂದ ಶಿಷ್ಯರನ್ನು ಪರೀಕ್ಷಿಸಿದ ಧರಸೇನರ ಗ್ರಂಥಕ್ಕೇ ಇಂಥ ಪರೀಕ್ಷೆ ಒದಗಿದ್ದು ಸೋಜಿಗ.

ಶ್ವೇತಾಂಬರರ ಜ್ಞಾನಪಂಚಮಿಯು ಕಾರ್ತಿಕ ಶುಕ್ಲ ಪಂಚಮಿಯಂದು ಬರುತ್ತದೆ. ಮಳೆಗಾಲದ ತೇವವನ್ನು ಹೀರಿದ ಗ್ರಂಥಗಳನ್ನು ಭಂಡಾರದಿಂದ ಹೊರತೆಗೆದು, ಧೂಳು ಕೊಡಹಿ, ಗಾಳಿಗೆ ಇಡುವ ಪದ್ಧತಿ ಗುಜರಾತಿನಲ್ಲಿ ಆ ದಿನಕ್ಕೆ ಅಂಟಿಕೊಂಡಿದೆ. ಜ್ಯೇಷ್ಠದ ಪಂಚಮಿಯು ಇದಕ್ಕೆ ವ್ಯತಿರಿಕ್ತವಾಗಿ ಮಳೆಯ ಹೊಸ್ತಿಲಲ್ಲಿ ಬೀಳುತ್ತದೆ. ತುಳುನಾಡಿನಲ್ಲಿ ಕೆಲವು ವರ್ಷ ಆ ವೇಳೆಗೆ ಮಳೆ ಹಿಡಿದೇಬಿಟ್ಟಿರುತ್ತದೆ. ಆದ್ದರಿಂದ ಇಲ್ಲಿ ಈ ದಿನವು ಒಣಗಿಸುವುದಕ್ಕಿಂತ ಭದ್ರಪಡಿಸುವುದಕ್ಕೆ ತಕ್ಕುದು: ಹುಳು ಬಿದ್ದ ಗರಿಗಳನ್ನು ಗುರುತಿಸುವುದು, ಜೀರ್ಣವಾದ ದಾರವನ್ನು ಬದಲಿಸುವುದು, ಕಟ್ಟಿನೊಳಗೆ ಬಜೆಯನ್ನಿಟ್ಟು ಒಣ ಅರಿವೆಯಲ್ಲಿ ಬಿಗಿಯಾಗಿ ಸುತ್ತುವುದು. ಕೊರೆದು ಬರೆದ ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರುವ ವಾಡಿಕೆಯುಂಟು. ಸಿದ್ಧಾಂತಗ್ರಂಥಗಳಂತೆ ಮಸಿಯಲ್ಲಿ ಬರೆದವುಗಳಿಗೆ ಅದೇ ಉಪಚಾರವನ್ನು ಮಾಡಿದರೆ ಅಕ್ಷರಗಳೇ ಅಳಿಸಿಹೋಗುವ ಅಪಾಯವಿದೆ. ಪೂಜೆಗೆ ಹೊರತೆಗೆದ ಕಟ್ಟಿನ ಮೇಲೆ ಗಂಧ, ಅಕ್ಷತೆ, ಹೂಗಳನ್ನು ನೇರವಾಗಿ ಏರಿಸುವುದೂ ಇಷ್ಟೇ ಅನುಚಿತ. ಅಕ್ಕಿಯ ಕಾಳು ಹಲಗೆಯ ಸಂದಿನಲ್ಲಿ ಉಳಿದರೆ ಹುಳುವಿಗೆ ಅದೇ ಆಹ್ವಾನ.

ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳ ಓಲೆಗ್ರಂಥಗಳನ್ನು ಕೆ. ಭುಜಬಲಿ ಶಾಸ್ತ್ರಿಗಳು ಪಟ್ಟಿ ಮಾಡಿ, ಆ ಸೂಚಿಯನ್ನು 1948ರಲ್ಲಿ ಪ್ರಕಟಿಸಿದರು. ಮನೆಮನೆಗಳ ಪೆಟ್ಟಿಗೆಗಳಲ್ಲಿಯೂ ಸಣ್ಣ ಬಸದಿಗಳಲ್ಲಿಯೂ ಉಳಿದ ಕಟ್ಟುಗಳ ಅಂತ್ಯಪ್ರಶಸ್ತಿಗಳನ್ನು ಒಂದೆಡೆ ಸಂಗ್ರಹಿಸಿದರೆ, ಯಾವ ನೋಂಪಿಯ ಉಜ್ಜವಣೆಗೆ ಯಾವ ಗ್ರಂಥವನ್ನು ಯಾರು ಬರೆಯಿಸಿದರೆಂಬ ಇತಿಹಾಸವು ದೇಮಿಯಕ್ಕ, ಮಲ್ಲಿಕಬ್ಬೆಯರಿಂದಾಚೆಗೂ ವಿಸ್ತರಿಸಬಹುದು. ಈ ಕಾರ್ಯಕ್ಕೆ ಶ್ರುತಪಂಚಮಿಗಿಂತ ತಕ್ಕ ದಿನವಿಲ್ಲ, ಏಕೆಂದರೆ ಕಟ್ಟುಗಳು ಹೇಗೂ ಅಂದು ಹೊರಬರುತ್ತವೆ. ಕಟ್ಟನ್ನು ಬಿಚ್ಚಿದೊಡನೆ ಮೊದಲು ನೋಡಬೇಕಾದುದು ಕಡೆಯ ಗರಿಯನ್ನು. ಹಲಗೆಗೆ ಒತ್ತಿಕೊಂಡಿರುವ ಆ ಗರಿಯೇ ಎಲ್ಲಕ್ಕಿಂತ ಮುಂಚೆ ಮುರಿಯುವುದು, ಮತ್ತು ಬರೆಯಿಸಿದವಳ ಹೆಸರು ಸಾಮಾನ್ಯವಾಗಿ ಇರುವುದು ಅದರಲ್ಲಿಯೇ.