ಬಾರೂಕ ನಾಮವಿಚಾರ

ಹೀಬ್ರೂ ಪದಗಳು ಬಹುಮಟ್ಟಿಗೆ ಮೂರು ವ್ಯಂಜನಗಳ ಧಾತುಗಳಿಂದ ಹುಟ್ಟತಕ್ಕವು. ‘ಬಾರೂಕ’ ಎಂಬ ಹೆಸರಿಗೆ ಮೂಲವು ಬ-ರ-ಕ ಎಂಬ ಧಾತು. ಅದರ ರೂಪವು ಸಂಸ್ಕೃತ ವೈಯಾಕರಣರ ಕ್ತಾಂತಕ್ಕೆ, ಎಂದರೆ ಕರ್ಮಣಿ ಕೃದಂತಕ್ಕೆ, ಸಮಾನವಾದುದು. ಆದುದರಿಂದ ‘ಆಶೀರ್ವಾದ ಹೊಂದಿದವನು’ ಎಂದರ್ಥ. ಮೊಣಕಾಲನ್ನು ಹೇಳುವ ‘ಬೆರೆಖ್’ ಶಬ್ದವನ್ನು ಕೆಲವರು ಇದೇ ಧಾತುವಿಗೆ ಸೇರಿಸಿ, ಮಂಡಿಯೂರಿ ವರವನ್ನು ಬೇಡುವ ಭಾವವನ್ನು ಕಲ್ಪಿಸುವರು. ಇವು ಬೇರೆ ಬೇರೆ ಧಾತುಗಳೆಂಬ ಪಕ್ಷವೂ ಉಂಟು. ದೇವರು ಮನುಷ್ಯನನ್ನು ಹರಸುವುದಕ್ಕೂ ಮನುಷ್ಯನು ದೇವರನ್ನು ಸ್ತುತಿಸುವುದಕ್ಕೂ ಈ ಧಾತುವೊಂದೇ ಸಲ್ಲುವುದು ವಿಶೇಷ. ಅರಬ್ಬಿಯ ‘ಮುಬಾರಕ್’ ಇದರ ಸೋದರಪದ. ಅರಬ್ಬಿಯಿಂದ ಹೊರಟು ಕನ್ನಡದ ಆಡುನುಡಿಯಲ್ಲಿ ನೆಲಸಿರುವ ‘ಬರಕತ್ತು’ ಸಹ ಈ ಕುಲದ್ದೇ.

ನೆಹೆಮೀಯನ ಗ್ರಂಥದಲ್ಲಿ ಯೆರೂಸಲೇಮಿನ ಗೋಡೆಯನ್ನು ಜೀರ್ಣೋದ್ಧಾರ ಮಾಡಿದವರ ನಡುವೆ ಒಬ್ಬ ಬಾರೂಕನಿದ್ದಾನೆ. ಆದರೆ ಹೆಸರಿಗೆ ಕೀರ್ತಿ ತಂದವನು ನೇರೀಯನ ಮಗನಾದ ಬಾರೂಕನು, ಪ್ರವಾದಿಯಾದ ಯೆರೆಮೀಯನ ಲಿಪಿಕಾರ. ಯೆಹೋಯಾಕೀಮನ ಆಳಿಕೆಯ ನಾಲ್ಕನೆಯ ವರ್ಷ, ಕ್ರಿ. ಪೂ. 605ರ ಸುಮಾರಿನಲ್ಲಿ, ಪ್ರವಾದಿಯು ನುಡಿದುದನ್ನೆಲ್ಲ ಈತನು ಸುರುಳಿಯಲ್ಲಿ ಬರೆದನು. ಮರುವರ್ಷ ಉಪವಾಸದ ದಿನ, ಶಾಫಾನನ ಮಗನಾದ ಗೆಮರ್ಯನ ಕೊಠಡಿಯಲ್ಲಿ ಜನರೆದುರಿಗೆ ಅದನ್ನು ಓದಿದನು. ಸುರುಳಿಯು ಅರಮನೆಗೆ ಹೋಯಿತು. ಮೂರು ನಾಲ್ಕು ಅಂಕಣ ಓದುತ್ತಲೇ ಅರಸನು ಚೂರಿಯಿಂದ ಕತ್ತರಿಸಿ ಅಗ್ಗಿಷ್ಟಿಕೆಗೆ ಹಾಕಿದನು. ಬಾರೂಕನು ಮತ್ತೆ ಮೊದಲಿನಿಂದ ಬರೆದನು. ಎರಡನೆಯ ಪ್ರತಿಯು ಮೊದಲನೆಯದಕ್ಕಿಂತ ದೊಡ್ಡದಾಯಿತು.

ಬಹುಕಾಲದ ಮೇಲೆ, 1632ರಲ್ಲಿ, ಆಮ್‌ಸ್ಟರ್‌ಡಾಮಿನ ಪೋರ್ಚುಗೀಸ್ ಯೆಹೂದ್ಯರಲ್ಲಿ ಹುಟ್ಟಿದ ಸ್ಪಿನೋಜನಿಗೆ ಇದೇ ಹೆಸರು. ಮನೆಯಲ್ಲಿ ಬೆಂತೊ, ಲ್ಯಾಟಿನ್ನಿನಲ್ಲಿ ಬೆನೆಡಿಕ್ಟಸ್: ಮೂರೂ ಒಂದೇ ಅರ್ಥದವು. 1656ರಲ್ಲಿ ಅವನ ಸಮಾಜವು ಶಾಪವಾಕ್ಯಗಳೊಡನೆ ಅವನನ್ನು ಬಹಿಷ್ಕರಿಸಿತು. ಹೆಸರಿಗೂ ನಸೀಬಿಗೂ ಇಷ್ಟು ವಿರೋಧವು ಅಪರೂಪ. 1670ರ ತನ್ನ ಗ್ರಂಥದಲ್ಲಿ ಪ್ರವಾದಿಗಳ ಪುಸ್ತಕಗಳ ರಚನೆಯನ್ನು ವಿಮರ್ಶಿಸುವಾಗ, ಪೂರ್ವದ ಬಾರೂಕನು ಬರೆದ ಸುರುಳಿಯ ವಿಚಾರವನ್ನೂ ಈತನು ಎತ್ತಿದ್ದಾನೆ.

ಆ ಪೂರ್ವದ ಬಾರೂಕನಿಗೆ ಗ್ರಂಥದ ಹೊರಗೆ ಸಾಕ್ಷ್ಯವುಂಟೆ? 1978ರಲ್ಲಿ ನಹ್‌ಮಾನ್ ಅವಿಗಾದರು ಒಂದು ಮಣ್ಣಿನ ಮುದ್ರೆಯನ್ನು ಪ್ರಕಟಿಸಿದರು. ‘ಲಿಪಿಕಾರನಾದ, ನೇರೀಯಾಹುವಿನ ಮಗ ಬೆರೆಖ್ಯಾಹುವಿನದು’ ಎಂದು ಅದರ ಅರ್ಥ. ಬೆರೆಖ್ಯಾಹು ಎಂದರೆ ‘ಯಾಹುವು ಹರಸಿದನು’, ಬಾರೂಕನೆಂಬುದರ ಪೂರ್ಣರೂಪ. 1996ರಲ್ಲಿ ಇನ್ನೊಂದು ಪ್ರಕಟವಾಯಿತು, ಅಂಚಿನಲ್ಲಿ ಬೆರಳಚ್ಚಿನ ಸಮೇತ. ಅದು ಬಾರೂಕನದೇ ಬೆರಳೆಂದು ಸಂತೋಷಪಟ್ಟವರೂ ಇದ್ದರು. ಆದರೆ ಎರಡೂ ಅಂಗಡಿಯಿಂದ ಬಂದವು, ಅಗೆತದಿಂದಲ್ಲ. 2014ರಲ್ಲಿ ಯುವಲ್ ಗೋರೆನ್, ಎರಾನ್ ಅರೀ ಎಂಬವರು ಪರೀಕ್ಷಿಸಿ ಎರಡೂ ಈಚಿನ ಕೃತಕಗಳೆಂದು ನಿರ್ಣಯಿಸಿದರು. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿದುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಡುವಣ ವರ್ಷಗಳ ಪುಸ್ತಕಗಳಲ್ಲಿ ಈ ಮುದ್ರೆಯನ್ನು ಪ್ರಮಾಣವೆಂದು ಕಂಡವರು ಅದನ್ನು ಬಿಡಬೇಕು.

ಬಿಟ್ಟರೂ ಎಲ್ಲವೂ ಹೋಗುವುದಿಲ್ಲ. 1982ರಲ್ಲಿ ಯಿಗಾಲ್ ಶಿಲೋ ಅವರು ಯೆರೂಸಲೇಮಿನ ದಾವೀದನಗರದಲ್ಲಿ ಅಗೆಯಿಸುವಾಗ ಒಂದೇ ಕಟ್ಟಡದಲ್ಲಿ 51 ಮುದ್ರೆಗಳು ದೊರೆತವು. ಅವುಗಳಲ್ಲೊಂದು ಶಾಫಾನನ ಮಗ ಗೆಮರ್ಯನದು. ಲಿಪಿಕಾರನೆಂಬ ಬಿರುದು ಅದರಲ್ಲಿಲ್ಲ. ಆದರೂ ಹೆಸರು, ಪಿತೃನಾಮ, ಸ್ಥಳ, ಕಾಲ ನಾಲ್ಕೂ ಕೂಡಿಬರುವುದರಿಂದ, ಬಾರೂಕನು ಓದಿದ ಕೊಠಡಿಯ ಒಡೆಯನೇ ಈತನೆನ್ನುವುದು ಯುಕ್ತವಾಗಿ ತೋರುತ್ತದೆ. ಸುರುಳಿಯನ್ನು ಸುಡಬೇಡವೆಂದು ಅರಸನನ್ನು ಬೇಡಿಕೊಂಡ ಮೂವರಲ್ಲಿ ಆ ಗೆಮರ್ಯನೂ ಒಬ್ಬನು. ಕ್ರಿ. ಪೂ. 586ರಲ್ಲಿ ಬಾಬಿಲೋನಿನವರು ನಗರಕ್ಕೆ ಹಚ್ಚಿದ ಬೆಂಕಿಯಲ್ಲಿ ಅವನ ಪತ್ರವು ಸುಟ್ಟುಹೋಯಿತು. ಮುದ್ರೆಯ ಮಣ್ಣು ಬೆಂದು ಗಟ್ಟಿಯಾಗಿ ಉಳಿಯಿತು.