ಪೀಟರ್ ಮೊಲ ಗೊಂಬೆಯಾದದ್ದು

ಬ್ರಿಟನ್ನಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆಲ್ಲ ನೀಲಿ ಕೋಟಿನ ಪೀಟರ್ ಮೊಲ ಪರಿಚಿತ. ಬಿಯಾಟ್ರಿಕ್ಸ್ ಪಾಟರ್ 1893ರಲ್ಲಿ ಕಾಯಿಲೆ ಬಿದ್ದಿದ್ದ ಹುಡುಗನೊಬ್ಬನಿಗೆ ಬರೆದ ಪತ್ರದಲ್ಲಿ ಮೂಡಿದ ಈ ಮೊಲ, 1902ರಲ್ಲಿ ವಾರ್ನ್ ಪ್ರಕಾಶನದ ಪುಸ್ತಕವಾಯಿತು. ಮರುವರ್ಷ ಆಕೆಯೇ ಬಟ್ಟೆ ಕತ್ತರಿಸಿ ಗೊಂಬೆ ಹೊಲಿದರು. ಕಾಗದದ ಮೇಲೆ ಎರಡೇ ಕಾಲಲ್ಲಿ ನಿಂತ ಮೊಲ ಮೇಜಿನ ಮೇಲೂ ನಿಲ್ಲಬೇಕಲ್ಲ! ಅದಕ್ಕೆ ಪಾದಗಳೊಳಗೆ ಸೀಸದ ಸಣ್ಣ ಗುಂಡುಗಳನ್ನು ಸೇರಿಸಿದರು. ಮೀಸೆಗೆ ಬ್ರಷ್ಷಿನ ಕೂದಲು ಕಿತ್ತರು. ನನಗಂತೂ ಇದೇ ಬಲು ಇಷ್ಟ. 1903ರ ಡಿಸೆಂಬರ್ 28ರಂದು ಲಂಡನ್ನಿನ ಪೇಟೆಂಟ್ ಕಚೇರಿಯಲ್ಲಿ ಆ ಗೊಂಬೆಯನ್ನು ನೋಂದಾಯಿಸಿದರು. ಪುಸ್ತಕಕ್ಕೆ ಅಮೆರಿಕದ ಹಕ್ಕುಸ್ವಾಮ್ಯವನ್ನು ಪ್ರಕಾಶಕರು ಪಡೆದಿರಲಿಲ್ಲ. ಅಲ್ಲಿ ಅನುಮತಿಯಿಲ್ಲದ ಮುದ್ರಣಗಳು ಹೊರಬಂದವು. ಗೊಂಬೆಯ ಹಕ್ಕು ಮಾತ್ರ ಹೊಲಿದವರ ಹೆಸರಿನಲ್ಲೇ ಇತ್ತು.