ಗೊಜ್ಜಿನ ಗಡಿಗೆ, ಪುಡಿಯ ಪೊಟ್ಟಣ

ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ದಾರಿಯಲ್ಲಿರುವ ಗೂಳೂರು ಹೊರಗಿನವರಿಗೆ ಗೊತ್ತಿರುವುದು ಅಲ್ಲಿನ ದೊಡ್ಡ ಮಣ್ಣಿನ ಗಣಪನಿಂದ. ಊರೆಲ್ಲ ಗಣಪನನ್ನು ನೀರಿಗೆ ಬಿಟ್ಟು ಮರೆತ ಮೇಲೆ, ಕಾರ್ತಿಕ ಮಾಸ ಪೂರ್ತಿ ಅವನಿಗೆ ಪೂಜೆ ನಡೆಯುತ್ತದೆ. ಆಮೇಲೆ ಜಾತ್ರೆ, ಕೆರೆಯಲ್ಲಿ ವಿಸರ್ಜನೆ. ನೆಂಟರು ತುಂಬುವ ಆ ದಿನ ನಮ್ಮ ದೊಡ್ಡಮ್ಮನ ಮನೆಯಲ್ಲಿ ಹುಳಿಯೋಗರೆ ಆಗಲೇಬೇಕು. ಜೊತೆಗೆ ಅದರ ಜಗಳವೂ.

ದೊಡ್ಡಮ್ಮನ ಗೊಜ್ಜು ಗಡಿಗೆಯದು. ಸೊಸೆಯದು ಪೊಟ್ಟಣದ ಪುಡಿ. ಆದರೆ ಅವಳು ಪುಡಿಯನ್ನು ಹಾಗೇ ಅನ್ನಕ್ಕೆ ಸುರಿಯುವವಳಲ್ಲ. ಒಂದಿಷ್ಟು ಹುಣಸೆರಸ ಕುದಿಸಿ, ಬೆಲ್ಲ ಹಾಕಿ, ಕರಿಎಳ್ಳು ಹುರಿದು ಕುಟ್ಟಿ, ಕಡಲೆಕಾಯಿಬೀಜ, ಕರಿಬೇವಿನ ಒಗ್ಗರಣೆ ಕೊಡುತ್ತಾಳೆ.

“ಅಂಗ್ಡಿ ಪುಡಿಗೆ ಎಷ್ಟು ಬೆಲ್ಲ ಹಾಕಿದ್ರೂ ಅದು ಅಂಗ್ಡಿ ಪುಡೀನೇ ಕಣಮ್ಮ” ಎನ್ನುತ್ತಾರೆ ದೊಡ್ಡಮ್ಮ.

“ಮೊದ್ಲು ತಿನ್ನಿ ಅತ್ತೆ, ಆಮೇಲೆ ಹೇಳಿ” ಎನ್ನುತ್ತಾಳೆ ಅವಳು.

ಇದು ನಮ್ಮ ಮನೆಯದೊಂದೇ ಜಗಳವಲ್ಲ. ಅಮೆರಿಕದಲ್ಲಿ ಕೆಂಡದ ಮೇಲೆ ಬೇಯಿಸಿದ ಮಾಂಸಕ್ಕೆ ಬಳಿಯುವ ಬಾರ್ಬೆಕ್ಯೂ ಸಾಸ್ ಬಗ್ಗೆಯೂ ಇದೇ ವಾದ. ಅದೂ ಹುಳಿ, ಸಿಹಿ, ಖಾರ ಸೇರಿದ ಮಂದ ಗೊಜ್ಜೇ. 1940ರ ಹೊತ್ತಿಗೆ ಹೈಂಜ್‌ನಂಥ ದೊಡ್ಡ ಕಂಪನಿ ಅದನ್ನು ಬಾಟಲಿಗೆ ತುಂಬಿ ಮಾರತೊಡಗಿತು. ಬಾಟಲಿ ತಂದು ಅದಕ್ಕೆ ತಮ್ಮದೊಂದು ಚಮಚ ವಿನೆಗರ್, ಸಕ್ಕರೆ, ಮೆಣಸು ಸೇರಿಸಿಕೊಳ್ಳುವವರು ಅಲ್ಲೂ ಇದ್ದಾರೆ. ಅದನ್ನು ಒಪ್ಪದವರೂ ಇದ್ದಾರೆ.

ದೊಡ್ಡಮ್ಮ ಕಾಯುತ್ತಿರುವ ‘ಮನೆಯದು’ ಎಷ್ಟು ಹಳೆಯದು? ಹೆಸರಂತೂ ಬಹಳ ಹಳೆಯದು. ಪುಳಿ ಎಂದರೆ ಹುಳಿ, ಓಗರ ಎಂದರೆ ಅನ್ನ. ಹಳಗನ್ನಡದ ಪಕಾರ ಕಾಲ ಸರಿದಂತೆ ಹಕಾರವಾಯಿತು. ಪಾಲು ಹಾಲಾಯಿತು, ಪುಳಿ ಹುಳಿಯಾಯಿತು. ಕನ್ನಡದಲ್ಲಿ ಅಡುಗೆಯ ಬರಹವೂ ಹೊಸದಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಪಾಕದ ಭಾಗವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ಬರೆದ. ಆದರೆ ಇವರಿಬ್ಬರ ಅಡುಗೆಮನೆಯಲ್ಲೂ ಇವತ್ತಿನ ಗೊಜ್ಜಿನ ಕೆಂಪು ಇರಲಿಲ್ಲ. ಮೆಣಸಿನಕಾಯಿ ಅಮೆರಿಕದ ನೆಲದ್ದು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಬಂದಿಳಿದದ್ದು. ನಮ್ಮ ಮಾತೇ ಅದಕ್ಕೆ ಸಾಕ್ಷಿ: ಖಾರಕ್ಕೆ ಮೊದಲಿನಿಂದ ಇದ್ದದ್ದು ಮೆಣಸು. ಹೊಸದಾಗಿ ಬಂದದ್ದು ಹಳಬನ ಹೆಸರನ್ನೇ ಹಿಡಿದು ಮೆಣಸಿನ‘ಕಾಯಿ’ ಆಯಿತು. ಒಗ್ಗರಣೆಯ ಇಂಗು ಇರಾನ್, ಅಫ್ಘಾನಿಸ್ತಾನಗಳ ಕಡೆಯದು. ಎಂಥ ಅಪ್ಪಟ ಮನೆಗೊಜ್ಜಿನಲ್ಲೂ ಅಂಗಡಿಯದು ಒಂದಿಷ್ಟು ಇದ್ದೇ ಇತ್ತು.

ಇನ್ನು ಹುಣಸೆ. ಅದು ನಮ್ಮ ಸೀಮೆಯಲ್ಲೇ ಬೆಳೆಯುವುದು. ತುಮಕೂರಿನ ಮಾರುಕಟ್ಟೆ ಹುಣಸೆಹಣ್ಣಿಗೆ ಹೆಸರಾದದ್ದು. ಬೇಸಿಗೆಯ ಹೊತ್ತಿಗೆ ಕಾಯಿ ಬಡಿದು, ಸಿಪ್ಪೆ ಬಿಡಿಸಿ, ಜಜ್ಜಿ ಬೀಜ ತೆಗೆದು, ನಾರು ಎಳೆದು, ಉಪ್ಪು ಬೆರೆಸಿ ಗಡಿಗೆಗೆ ಒತ್ತಿಡಬೇಕು. ಗೊಜ್ಜು ಮಾಡುವ ದಿನ ಅದನ್ನು ನೆನೆಹಾಕಿ, ಹಿಂಡಿ, ರಸ ಎಣ್ಣೆ ಬಿಡುವ ತನಕ ಒಲೆಯ ಮುಂದೆ ನಿಲ್ಲಬೇಕು. ಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ನೀರು ಇಂಗಿದ್ದರಿಂದಲೇ ಗೊಜ್ಜು ತಿಂಗಳುಗಟ್ಟಲೆ ಕೆಡುವುದಿಲ್ಲ. ಈ ಕೆಲಸವನ್ನೆಲ್ಲ ಮಾಡಿದವರು ಹೆಂಗಸರು. ಮನೆಯಲ್ಲಿ ಮಾಡಿದರೆ ಅದಕ್ಕೆ ಕೂಲಿ ಇಲ್ಲ, ಮಂಡಿಗಳಲ್ಲಿ ಮಾಡಿದರೆ ಕಡಿಮೆ ಕೂಲಿ. ‘ಮನೆ ರುಚಿ’ಯನ್ನು ಹೊಗಳುವಾಗ ನಾವು ಈ ಬೆರಳುಗಳನ್ನು ಮರೆಯುತ್ತೇವೆ.

ಪೊಟ್ಟಣದ ಚರಿತ್ರೆಗೂ ನಮ್ಮ ನಾಡಿನಲ್ಲೇ ಒಂದು ಮುಖ್ಯ ಅಧ್ಯಾಯವಿದೆ. 1924ರಲ್ಲಿ ಯಜ್ಞನಾರಾಯಣ ಮಯ್ಯ ಮತ್ತು ಸೋದರರು ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಂಟಿಆರ್ ಎಂದು ಹೆಸರಾಯಿತು. 1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಹೋಟೆಲು ತಿಂಡಿಗಳ ಬೆಲೆಯನ್ನು ಸರ್ಕಾರ ತೀರಾ ಕೆಳಗೆ ಕಟ್ಟಿಹಾಕಿತು. ಆ ಬೆಲೆಗೆ ಗುಣಮಟ್ಟ ಉಳಿಸಲಾಗದೆ ಹೋಟೆಲು ಮುಚ್ಚಿತು. ಆಗ ಅವರು ಹೊರಳಿದ್ದು ಪೊಟ್ಟಣದ ಪುಡಿ, ಮಿಶ್ರಣಗಳ ಕಡೆಗೆ. ಹೋಟೆಲು ಮತ್ತೆ ತೆರೆದರೂ ಪೊಟ್ಟಣದ ವ್ಯಾಪಾರ ಬೇರೆಯಾಗಿಯೇ ಬೆಳೆಯಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡಿತು. ಅಂದರೆ ನಮ್ಮ ಸಾರಿನಪುಡಿ, ಪುಳಿಯೋಗರೆ ಪುಡಿಯ ಲೆಕ್ಕ ಈಗ ಓಸ್ಲೋದಲ್ಲೂ ಬರೆಯಲ್ಪಡುತ್ತದೆ.

ಹೀಗೆ ನೋಡಿದರೆ ಪೊಟ್ಟಣ ಮನೆಯನ್ನು ಹಾಳುಮಾಡಲು ಬಂದದ್ದಲ್ಲ. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯುವ ಸೊಸೆಗೆ ಅದು ಎರಡು ಗಂಟೆ ಬಿಡುವು ಕೊಟ್ಟಿದೆ. ಅವಳ ಬೆಲ್ಲ, ಎಳ್ಳು, ಒಗ್ಗರಣೆಯೂ ಕಳ್ಳದಾರಿಯಲ್ಲ. ಹೊರಗಿನಿಂದ ಬಂದ ಮೆಣಸಿನಕಾಯಿಯನ್ನು ನಮ್ಮದು ಮಾಡಿಕೊಂಡವರ ಕೆಲಸವನ್ನೇ ಅವಳೂ ಮಾಡುತ್ತಿದ್ದಾಳೆ.

ಆದರೂ ದೊಡ್ಡಮ್ಮನ ಮಾತಿನಲ್ಲಿ ತಳ್ಳಿಹಾಕಲಾಗದ ಒಂದು ಅಂಶವಿದೆ. ಸೊಸೆ ಪುಡಿಯನ್ನು ತಿದ್ದುವುದು ಯಾವ ಅಳತೆಯ ಮೇಲೆ? ಇಪ್ಪತ್ತು ವರ್ಷ ಗಡಿಗೆಯ ಗೊಜ್ಜು ತಿಂದ ನಾಲಿಗೆಯ ಮೇಲೆ. ಬೆಲ್ಲ ಸಾಲದು, ಎಳ್ಳು ಬೇಕು ಎಂದು ಅವಳಿಗೆ ಹೇಳುವುದು ಆ ಗಡಿಗೆಯೇ. ಅವಳ ಮಗಳು ತಿಂದು ಬೆಳೆಯುತ್ತಿರುವುದು ತಿದ್ದಿದ ಪುಡಿ. ಆ ಹುಡುಗಿಯ ಮಕ್ಕಳ ಕಾಲಕ್ಕೆ ತಿದ್ದಬೇಕು ಅನ್ನಿಸುವುದೇ ನಿಂತುಹೋಗಬಹುದು. ಆಗ ಪೊಟ್ಟಣವೇ ಅಳತೆ.

ಹೋದ ಕಾರ್ತಿಕದಲ್ಲಿ ದೊಡ್ಡಮ್ಮನ ಮಣಿಕಟ್ಟು ಹುಣಸೆ ಹಿಂಡಲು ಬಗ್ಗಲಿಲ್ಲ. ಸೊಸೆ ಹಿಂಡಿದಳು, ಅವರು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ನಾನು ಬರೆದಿಟ್ಟುಕೊಳ್ಳೋಣವೆಂದು ತಕ್ಕಡಿ ತಂದು, ಅವರ ಒಂದೊಂದು ಹಿಡಿಯನ್ನೂ ತೂಗಿದೆ. ಮೂರು ಹಿಡಿಗೆ ಮೂರು ತೂಕ ಬಂತು.

“ಯಾವುದನ್ನ ಬರೀಲಿ ದೊಡ್ಡಮ್ಮ?” ಎಂದೆ.

“ಅದು ಹೊಸ ಹುಣಸೆ, ಇದು ಹಳೇದು, ಹುಳಿ ಜಾಸ್ತಿ, ಅದಕ್ಕೇ ಕಡ್ಮೆ ತಗೊಂಡೆ. ಮೂರನ್ನೂ ಬರಿ” ಎಂದರು.

ಮೂರನ್ನೂ ಬರೆದಿದ್ದೇನೆ. ಸೊಸೆ ಆ ಚೀಟಿಯನ್ನು ಪುಡಿಯ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ್ದಾಳೆ.